ಟ್ಯಾಂಕರ್ ನೀರು ವಾರಕ್ಕೊಂದ್ಸಲ, 4 ತಿಂಗಳ ಕೂಸಿಗೆ ಪೌಡರ್ ಹಾಲು ಹೆಂಗೆ ಕಲಸೋದು?

ಚಳ್ಳಕೆರೆ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಐತೆ, ದಯವಿಟ್ಟು ಪೂರ್ತಿ ಓದಿ. ನಾನು ಬಾಣಂತನಕ್ಕೆ ಅಂತ ತವರಿಗೆ ಬಂದೋಳು, ಚಳ್ಳಕೆರೆ ತಾಲ್ಲೂಕಿನ ಹಳ್ಳಿ, ಮಗಳಿಗೆ ಮೊನ್ನೆ 4 ತಿಂಗಳು ತುಂಬಿತು. ಊರಿನ ಎರಡೂ ಬೋರು ಮಾರ್ಚ್‌ನಲ್ಲೇ ನಿಂತೋದ್ವು, ಟ್ಯಾಂಕರ್ ಬರೋದು ಆರು ದಿನಕ್ಕೋ ಏಳು ದಿನಕ್ಕೋ, ಬಂದಾಗ ಮನೆಗೆ ಎರಡು ಡ್ರಮ್ ತುಂಬಿಸ್ಕೊಂಡ್ರೆ ಮುಗೀತು. ಕುಡಿಯೋಕೆ ಮಾತ್ರ ಪಕ್ಕದ ಊರಿನ ಶುದ್ಧ ನೀರಿನ ಘಟಕದಿಂದ ಅಪ್ಪ ಬೈಕಲ್ಲಿ ಕ್ಯಾನ್ ತರ್ತಾರೆ, ಅದೂ ಅಲ್ಲಿ ಕರೆಂಟ್ ಇದ್ರೆ.

ಎದೆಹಾಲು ಕೊಡ್ತಿದೀನಿ, ಆದ್ರೆ ಕೂಸು ಅತ್ತಾಗೆಲ್ಲಾ ನಿನಗೆ ಹಾಲು ಸಾಲ್ತಿಲ್ಲ ಸಾಲ್ತಿಲ್ಲ ಅಂತ ಮನೇಲಿ ಎಲ್ಲರೂ ಅಂದೂ ಅಂದೂ ಒಂದು ತಿಂಗಳಿಂದ ದಿನಕ್ಕೆ ಮೂರು ಸಲ ಬಾಟಲಲ್ಲಿ ಪೌಡರ್ ಹಾಲು ಶುರು ಮಾಡಿದೀವಿ. ಬೆಳಗ್ಗೆ ಒಂದ್ಸಲ ನೀರು ಕಾಯ್ಸಿ ಫ್ಲಾಸ್ಕಿಗೆ ಹಾಕಿಟ್ರೆ ಸಾಯಂಕಾಲದವರೆಗೂ ಅದೇ. ಬಾಟಲ್ ತೊಳೆಯೋಕೆ ಒಂದು ಚೊಂಬು ನೀರು, ಕುಲುಕಿ ಚೆಲ್ಲೋದು, ಬಿಸಿ ನೀರಲ್ಲಿ ಕುದಿಸೋಷ್ಟು ನೀರೂ ಇಲ್ಲ ಗ್ಯಾಸೂ ಇಲ್ಲ. ನಿನ್ನೆ ಬಾಟಲ್‌ನ ಬಿಸಿಲಿಗೆ ಹಿಡಿದು ನೋಡಿದೆ, ತಿರುಪು ಇರೋ ಕುತ್ತಿಗೆ ಹತ್ರ ಒಳಗಡೆ ಬಿಳಿ ಪೊರೆ ಥರ ಅಂಟ್ಕೊಂಡಿತ್ತು, ಉಗುರಲ್ಲಿ ಕೆರೆದ್ರೆ ಜಿಡ್ಡು ಬಂತು, ವಾಸನೆ ಬೇರೆ. ಅದನ್ನ ನೋಡಿದ ಮೇಲೆ ನಿದ್ದೆ ಬಂದಿಲ್ಲ ನನಗೆ. ಕೂಸಿಗೆ ನಿನ್ನೆಯಿಂದ ನಾಲ್ಕು ಸಲ ನೀರು ನೀರಾಗಿ ಭೇದಿ ಆಗಿದೆ. ಅಮ್ಮ ಬಿಸಿಲಿಗೆ ಬಾಯಿ ಒಣಗುತ್ತೆ ಅಂತ ಮಧ್ಯದಲ್ಲಿ ಒಳಲೇಲಿ (ಕೂಸಿಗೆ ಕುಡಿಸೋ ಮೂತಿ ಇರೋ ಸಣ್ಣ ಬಟ್ಟಲು) ನೀರೂ ಹಾಕ್ತಾಳೆ.

ನನ್ನ ಪ್ರಶ್ನೆ, ಕ್ಯಾನ್ ನೀರನ್ನ ಕಾಯಿಸದೆ ಪೌಡರ್‌ಗೆ ಹಾಕಬಹುದಾ? ನೀರು ಉಳಿಸೋಕೆ ಒಂದೇ ಸಲ ಕಲಸಿಟ್ಟು ಎರಡು ಸಲ ಕುಡಿಸಬಹುದಾ? ಇಲ್ಲ ಪೌಡರ್ ಬಿಟ್ಟು ಬರೀ ಎದೆಹಾಲಲ್ಲಿ ಇರಬಹುದಾ, ಆದ್ರೆ ನನಗೆ ನಿಜವಾಗ್ಲೂ ಹಾಲು ಕಮ್ಮಿ ಆಗಿದ್ರೆ?

ದುರ್ಗದ ಸಿಸ್ಟರ್:

ತಂಗಿ, ಮೊದಲು ಕೂಸಿನ ವಿಷಯ, ಪೌಡರ್ ಆಮೇಲೆ. ನೆತ್ತಿ ಮುಟ್ಟಿ ನೋಡು, ಗುಂಡಿ ಬಿದ್ದಂಗೆ ಐತಾ? ಕಣ್ಣು ಒಳಗೆ ಹೋಗಿದಾವಾ? ಅತ್ರೆ ಕಣ್ಣೀರು ಬರ್ತಿದೆಯಾ? ಆರು ಗಂಟೆಯಿಂದ ಉಚ್ಚೆ ಹೊಯ್ದಿಲ್ಲ, ಎದೆಗೆ ಹಾಕಿದ್ರೂ ಚೀಪಲ್ಲ, ಜ್ವರ, ಭೇದೀಲಿ ರಕ್ತ, ಮಂಪರು, ಇದ್ರಲ್ಲಿ ಒಂದಿದ್ರೂ ಇಲ್ಲಿ ಉತ್ತರ ಕಾಯ್ತಾ ಕೂರಬೇಡ, 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗು. ಏನೂ ಇಲ್ಲ, ಆಟ ಆಡ್ತಿದೆ ಅಂದ್ರೂ ನಾಳೆ ಬೆಳಗ್ಗೆ ಪಿಎಚ್‌ಸಿಗೆ ತೋರಿಸಲೇಬೇಕು, 4 ತಿಂಗಳ ಕೂಸು. ಭೇದಿಗೆ ಜಿಂಕ್ ಕೊಡ್ತಾರೆ, ಈ ವಯಸ್ಸಿಗೆ ದಿನಕ್ಕೆ 10 ಮಿಲಿಗ್ರಾಂ, 14 ದಿನ, ಭೇದಿ ನಿಂತ್ರೂ ಕೋರ್ಸ್ ಮುಗಿಸಬೇಕು. ಓಆರ್‌ಎಸ್ ಎಷ್ಟು ಅಂತ ಅವರೇ ಹೇಳ್ತಾರೆ. ದಾರಿ ಉದ್ದಕ್ಕೂ ಎದೆಗೆ ಹಾಕ್ಕೊಂಡೇ ಹೋಗು, ಭೇದಿ ಆಗ್ತಿದೆ ಅಂತ ಎದೆಹಾಲು ನಿಲ್ಲಿಸೋ ಪದ್ಧತಿ ಐತಲ್ಲ ನಮ್ಮ ಕಡೆ, ಅದು ಕೂಸಿಗೆ ಮಾಡೋ ದೊಡ್ಡ ಅನ್ಯಾಯ.

ನಾನು ಹೆರಿಗೆ ವಾರ್ಡಲ್ಲಿ ಕೆಲಸ ಮಾಡಿ ರಿಟೈರ್ ಆದೋಳು. ಪ್ರತಿ ಬೇಸಿಗೇಲೂ ನಿನ್ನಂಥ ಹುಡುಗೀರು ಬರೋರು, ಅದೇ ಬಾಟಲ್ ಅದೇ ಭೇದಿ.

ಅಮ್ಮಂಗೆ ಹೇಳು, ಆರು ತಿಂಗಳವರೆಗೂ ಕೂಸಿಗೆ ಒಂದು ತೊಟ್ಟು ನೀರೂ ಬೇಡ. ನಮ್ಮ ಕಡೆ ಬಿಸಿಲಿಗೂ ಬೇಡ. ಎದೆಹಾಲಲ್ಲಿ ನೂರಕ್ಕೆ 87 ಭಾಗ ನೀರೇ ಇರೋದು. ಬಾಯಿ ಒಣಗಿದೆ ಅನ್ಸಿದ್ರೆ ಇನ್ನೊಂದ್ಸಲ ಎದೆಗೆ ಹಾಕು, ಮೊದಲು ಬರೋ ಹಾಲು ನೀರು ನೀರಾಗೇ ಇರುತ್ತೆ, ಅದೇ ಅದಕ್ಕೆ ಬಾಯಾರಿಕೆಗೆ. ಒಳಲೇಲಿ ನೀರು ಹಾಕಿದಾಗ ಎರಡು ತೊಂದರೆ, ನೀರಿನ ಜೊತೆ ಕ್ರಿಮಿ ಒಳಗೆ ಹೋಯ್ತು, ಮತ್ತೆ ಅಂಗೈ ಅಗಲದ ಹೊಟ್ಟೆ ನೀರಲ್ಲಿ ತುಂಬಿ ಕೂಸು ಎದೆ ಚೀಪೋದು ಕಮ್ಮಿ ಮಾಡ್ತು. ಚೀಪೋದು ಕಮ್ಮಿ ಆದ್ರೆ ಹಾಲೂ ಕಮ್ಮಿ. ಪೌಡರೂ ಇದೇ ಕೆಲಸ ಮಾಡೋದು. ಹಾಲು ಸಾಲಲ್ಲ ಅಂತ ಬಾಟಲ್ ಕೊಟ್ಟಿರಿ, ಬಾಟಲ್ ಕೊಟ್ಟಿದ್ದಕ್ಕೆ ಹಾಲು ಕಮ್ಮಿ ಆಯ್ತು.

ಹಾಲು ಸಾಲ್ತಿದೆಯಾ ಇಲ್ವಾ ಅನ್ನೋದಕ್ಕೆ ಅಳು ಲೆಕ್ಕ ಅಲ್ಲ. ಭೇದಿ ನಿಂತ ಮೇಲೆ 24 ಗಂಟೇಲಿ ಎಷ್ಟು ಬಟ್ಟೆ ಒದ್ದೆ ಮಾಡ್ತು ಎಣಿಸು, ಆರು ಅಥವಾ ಜಾಸ್ತಿ ಇದ್ದು, ಅಂಗನವಾಡೀಲಿ ತೂಕ ಏರ್ತಿದ್ರೆ ಸಾಲ್ತಿದೆ ಅಂತ ಅರ್ಥ. ಆದ್ರೆ ಡಬ್ಬಿ ಇವತ್ತೇ ಬಿಸಾಕಬೇಡ, ಒಂದು ತಿಂಗಳಿಂದ ಅಭ್ಯಾಸ ಆಗಿದೆ. ಹಗಲು ರಾತ್ರಿ ಸೇರಿ 10, 12 ಸಲ ಎದೆಗೆ ಹಾಕು, ರಾತ್ರಿದು ತಪ್ಪಿಸಬೇಡ, ಹಾಲು ಹೆಚ್ಚಿಸೋ ಹಾರ್ಮೋನ್ ರಾತ್ರಿ ಚೀಪಿಸಿದಾಗ್ಲೇ ಜಾಸ್ತಿ ಬರೋದು. ಎರಡು ಮೂರು ದಿನಕ್ಕೊಂದು ಸಲದ ಪೌಡರ್ ಕಮ್ಮಿ ಮಾಡ್ತಾ ಬಾ, ಒದ್ದೆ ಬಟ್ಟೆ ಎಣಿಸ್ತಾ ಇರು.

ಮನೇಲಿರೋ ನೀರಲ್ಲಿ ಮೊದಲ ಪಾಲು ನಿನ್ನದು. ಬಾಣಂತಿ ನೀರು ಜಾಸ್ತಿ ಕುಡೀಬಾರ್ದು, ಹೊಟ್ಟೆ ಬರುತ್ತೆ ಅಂತ ಅಂದ್ರೆ ಕೇಳಬೇಡ.

ಬಾಟಲ್ ತಾಯಿ:

ಸಿಸ್ಟರ್ ಹೇಳಿದ್ದು ಸರಿ ಇರಬಹುದು ಆದ್ರೆ ನನಗೆ ಸ್ವಲ್ಪ ಬೇಜಾರಾಯ್ತು. ನಾನು ದಾವಣಗೆರೆ, ನನಗೆ ಅವಳಿ ಜವಳಿ, ಹೆರಿಗೆ ಆದ್ಮೇಲೆ ನಾನೇ ಹದಿನೆಂಟು ದಿನ ಐಸಿಯುನಲ್ಲಿ ಇದ್ದೆ, ಇಬ್ಬರೂ ಪೌಡರ್ ಹಾಲಲ್ಲೇ ಬೆಳೆದ್ರು. ನಮ್ಮ ಏರಿಯಾದಲ್ಲೂ ಆ ಬೇಸಿಗೆ ನಲ್ಲಿ ನೀರು ಎಂಟು ದಿನಕ್ಕೊಂದ್ಸಲ. ಎದೆಹಾಲೇ ಅಮೃತ ಅಂತ ಎಲ್ಲರೂ ಹೇಳೋರು, ಇಲ್ಲದೋರು ಏನ್ ಮಾಡ್ಬೇಕು ಅಂತ ಒಬ್ಬರೂ ಸರಿಯಾಗಿ ಕೂತ್ಕೊಂಡು ಹೇಳಿಕೊಡಲಿಲ್ಲ. ಡಬ್ಬಿ ಮೇಲಿನ ಸಣ್ಣ ಅಕ್ಷರ ಓದ್ಕೊಂಡು ಅಳ್ತಾ ಕಲಸಿದೀನಿ ರಾತ್ರಿ ಎರಡು ಗಂಟೆಗೆ. ಅದನ್ನೂ ಹೇಳಿ ದಯವಿಟ್ಟು, ಬೇರೆ ಯಾರಾದ್ರೂ ಓದ್ತಿರ್ತಾರೆ.

ದುರ್ಗದ ಸಿಸ್ಟರ್:

ನಿಮ್ಮ ಮಾತು ನೂರಕ್ಕೆ ನೂರು ನಿಜ ತಾಯಿ, ತಪ್ಪು ನಮ್ಮದೇ. ತಾಯಿ ಇಲ್ಲದ ಕೂಸು, ತಾಯಿ ಐಸಿಯುನಲ್ಲಿರೋ ಕೂಸು, ಅವಕ್ಕೆ ಪೌಡರ್ ಬೇಕೇ ಬೇಕು, ಬರಗಾಲದಲ್ಲಿ ಅವರಿಗೇ ಎಲ್ಲರಿಗಿಂತ ಮೊದಲು ಒಳ್ಳೆ ನೀರು ಸಿಗಬೇಕು. ಹೇಳ್ತೀನಿ.

ಬಾಟಲ್ ಬಿಟ್ಟುಬಿಡಿ, ಇದು ಮೊದಲನೇದು. ನೀರಿಲ್ಲದ ಮನೇಲಿ ನಿಪ್ಪಲ್ ಕ್ಲೀನ್ ಮಾಡೋಕೆ ಸಾಧ್ಯನೇ ಇಲ್ಲ. ಸಣ್ಣ ಸ್ಟೀಲ್ ಲೋಟ ಅಥವಾ ಒಳಲೆ ತಗೊಳ್ಳಿ. ಲೋಟದ ಒಳಗೆ ಕೈ ಹೋಗುತ್ತೆ, ಕಣ್ಣಿಗೆ ಕಾಣುತ್ತೆ, ಸೋಪು ಹಾಕಿ ತಿಕ್ಕಿ ಸ್ವಲ್ಪ ಕುದ್ದ ನೀರಲ್ಲಿ ತೊಳೆದ್ರೆ ಆಯ್ತು. ಒಳಲೆ ಅಂದ್ರೆ ಹಳೇ ಕಾಲದಲ್ಲಿ ಕಾಲ ಮೇಲೆ ಮಲಗಿಸಿ ಮೂಗು ಹಿಡಿದು ಸುರೀತಿದ್ರಲ್ಲ, ಹಂಗಲ್ಲ, ಅದು ಶ್ವಾಸಕೋಶಕ್ಕೆ ಹೋಗುತ್ತೆ. ಕೂಸನ್ನ ಹೆಚ್ಚುಕಮ್ಮಿ ಕೂರಿಸಿದಂಗೆ ಹಿಡಿದು, ಲೋಟದ ಅಂಚನ್ನ ಕೆಳತುಟಿಗೆ ತಾಗಿಸಿ ಹಾಲು ತುಟಿಗೆ ಮುಟ್ಟೋಷ್ಟು ಬಗ್ಗಿಸಿ, ಅದೇ ನಾಲಿಗೆ ಚಾಚಿ ನೆಕ್ಕಿ ಕುಡಿಯುತ್ತೆ. ಬೆಕ್ಕಿನ ಮರಿ ನೆಕ್ಕಿದಂಗೆ. ಹುಟ್ಟಿದ ದಿನದ ಕೂಸೂ ಕುಡಿಯುತ್ತೆ, ನಾನು ಕುಡಿಸಿದೀನಿ.

ಎರಡನೇದು ನೀರಿನ ಬಿಸಿ. ಪೌಡರ್ ಡಬ್ಬಿ ಸೀಲ್ ಇದ್ರೂ ಒಳಗಿರೋ ಪುಡಿ ಕ್ರಿಮಿರಹಿತ ಅಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದರಲ್ಲಿ ಕ್ರೋನೋಬ್ಯಾಕ್ಟರ್ ಅಂತ ಒಂದು ಬ್ಯಾಕ್ಟೀರಿಯಾ ಇರಬಹುದು, ಅಪರೂಪ, ಆದ್ರೆ ಬಂದ್ರೆ ಮೆದುಳಿಗೆ ಹೋಗಬಹುದು. ಅದು ಸಾಯೋದು 70 ಡಿಗ್ರಿಗಿಂತ ಜಾಸ್ತಿ ಬಿಸಿ ಇರೋ ನೀರಲ್ಲಿ ಕಲಸಿದ್ರೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಇದನ್ನ ಹೇಳಿದೆ. ಅಂದ್ರೆ ನೀರು ಗುಳುಗುಳು ಕುದ್ದ ಮೇಲೆ ಇಳಿಸಿ ಮುಚ್ಚಿಟ್ಟು, ಒಂದು ಲೀಟರ್ ಆದ್ರೆ ಅರ್ಧ ಗಂಟೆ ಒಳಗೆ, ಒಂದೇ ಲೋಟ ಆದ್ರೆ ಬೇಗ ಆರುತ್ತೆ, ಕೆಲವೇ ನಿಮಿಷದಲ್ಲಿ ಕಲಸಿಬಿಡಬೇಕು. ಬೆಳಗ್ಗೆ ಫ್ಲಾಸ್ಕಿಗೆ ಹಾಕಿದ ನೀರು ಸಾಯಂಕಾಲಕ್ಕೆ ಅಷ್ಟು ಬಿಸಿ ಇರುತ್ತೆ ಅಂತ ನಂಬೋಕಾಗಲ್ಲ, ಬೆಚ್ಚಗಿನ ನೀರಲ್ಲಿ ಕಲಸಿದ್ರೆ ಕ್ರಿಮಿ ಬೆಳೆಸಿದಂಗೇ. ಒಂದು ಲೋಟ ನೀರು ಕುದಿಸೋಕೆ ಮೂರು ನಿಮಿಷದ ಗ್ಯಾಸ್ ಸಾಕು, ಅದನ್ನ ಪ್ರತಿ ಸಲ ಮಾಡಿ. ಲೋಟಕ್ಕೆ ನೀರು ಮೊದಲು, ಪುಡಿ ಆಮೇಲೆ, ಡಬ್ಬೀಲಿ ಬರೆದ ಅಳತೆ, ಚಮಚದ ಮೇಲೆ ಗುಡ್ಡೆ ಇಲ್ಲದಂಗೆ. ಡಬ್ಬಿ ಉಳೀಲಿ ಅಂತ ಪುಡಿ ಕಮ್ಮಿ ಹಾಕಿದ್ರೆ ಕೂಸು ಸೊರಗುತ್ತೆ, ನೀರು ಉಳೀಲಿ ಅಂತ ಗಟ್ಟಿ ಮಾಡಿದ್ರೆ ಉಪ್ಪಿನಂಶ ಜಾಸ್ತಿ ಆಗಿ ಇನ್ನೂ ನೀರು ಬತ್ತುತ್ತೆ. ಲೋಟವನ್ನ ತಣ್ಣೀರಿನ ಬಟ್ಟಲಲ್ಲಿ ಇಟ್ಟು ಆರಿಸಿ, ಮಣಿಕಟ್ಟಿನ ಮೇಲೆ ತೊಟ್ಟು ಬಿಟ್ಟು ನೋಡಿ ಕುಡಿಸಿ. ಕಲಸಿದ್ದು 2 ಗಂಟೆ ಒಳಗೆ ಮುಗೀಬೇಕು, ಕೂಸು ಬಾಯಿ ಹಾಕಿ ಉಳಿಸಿದ್ದನ್ನ ಆಗಲೇ ಚೆಲ್ಲಿ. ಚಳ್ಳಕೆರೆ ತಂಗಿ, ಒಂದ್ಸಲ ಕಲಸಿ ಎರಡು ಸಲ ಕುಡಿಸೋ ಪ್ರಶ್ನೆಗೆ ಇದೇ ಉತ್ತರ.

ಹೊನ್ನಾಳಿ ಸೊಸೆ:

ನೀರು ಇಲ್ಲದಾಗ ಒಂದು ಕಷ್ಟ, ನೀರು ಜಾಸ್ತಿ ಆದಾಗ್ಲೂ ಅದೇ ಕಷ್ಟ ಕಣ್ರಿ. 2019 ಆಗಸ್ಟ್‌ನಲ್ಲಿ ತುಂಗಭದ್ರೆ ಬಂದು ನಮ್ಮ ಮನೆ ಬಾಗಿಲು ಮುಳುಗಿಸ್ತಲ್ಲ, ಆಗ ನನ್ನ ಮಗ 52 ದಿನದ ಕೂಸು. ಒಂದು ಶಾಲೇಲಿ ಗಂಜಿ ಕೇಂದ್ರ ಮಾಡಿದ್ರು, ಒಂದೊಂದು ರೂಮಲ್ಲಿ ನಾಲ್ಕೈದು ಮನೆಯವರು, ಗಂಡಸರು ಹೆಂಗಸರು ಎಲ್ಲಾ ಒಟ್ಟಿಗೆ. ಸುತ್ತ ಎಲ್ಲಾ ನೀರು, ಕುಡಿಯೋಕೆ ಮಾತ್ರ ಇಲ್ಲ. ನನಗೆ ಮೊದಲ ದಿನ ಹಾಲೇ ಇಳೀಲಿಲ್ಲ, ಎದೆ ಕಲ್ಲಿನಂಗೆ ಬಿಗಿದಿದೆ, ಕೂಸು ಚೀಪಿ ಚೀಪಿ ಬಿಟ್ಟು ಅಳ್ತದೆ, ಭಯಕ್ಕೆ ಹಾಲು ಬತ್ತೋಯ್ತು ಅಂತ ನಮ್ಮತ್ತೆ ಬಾಯಿ ಬಡ್ಕೊಂಡ್ರು. ಎರಡನೇ ದಿನ ಯಾರೋ ಪುಣ್ಯಾತ್ಮರು ಟಾಟಾ ಏಸ್ ತುಂಬ ಬಿಸ್ಕೆಟ್, ಬ್ರೆಡ್, ಅದರ ಜೊತೆ ಪೌಡರ್ ಹಾಲಿನ ಡಬ್ಬಿ, ಹೊಸ ಬಾಟಲ್ ಎಲ್ಲಾ ತಂದ್ರು. ಒಳ್ಳೆ ಮನಸ್ಸಿಂದಲೇ ತಂದಿದ್ದು, ನಾನೂ ಕೈ ಚಾಚಿದೆ.

ಅಲ್ಲಿದ್ದ ಎಎನ್‌ಎಂ ಅಕ್ಕ, ಅಂದ್ರೆ ಹಳ್ಳಿ ನರ್ಸ್, ಪೌಡರ್ ಡಬ್ಬಿ, ಬಾಟಲ್ ಎಲ್ಲಾ ಎತ್ತಿ ಹೆಡ್‌ಮಾಸ್ಟರ್ ರೂಮಲ್ಲಿ ಇಟ್ಟು ಬೀಗ ಹಾಕಿದ್ಳು. ನಮಗೆಲ್ಲಾ ಸಿಟ್ಟು ಬಂತು. ಅವಳು ಮಾಡಿದ್ದೇನು ಗೊತ್ತಾ, ಎರಡು ಬೆಂಚು ಅಡ್ಡ ಇಟ್ಟು ಒಂದು ಹಳದಿ ಸೀರೆ ಕಟ್ಟಿ ಮೂಲೆ ಮಾಡಿದ್ಳು, ನನ್ನನ್ನ ಗೋಡೆಗೆ ಒರಗಿಸಿ ಕೂರಿಸಿ ಬಿಸಿ ಗಂಜಿ ಒಂದು ಲೋಟ ಕೈಗೆ ಕೊಟ್ಟು, ಬಿಸಿ ನೀರಲ್ಲಿ ಅದ್ದಿದ ಟವೆಲ್ ಎದೆ ಮೇಲೆ ಹಾಕಿ ಬೆನ್ನು ನೀವಿದ್ಳು. ಕೂಸಿನ ಬಟ್ಟೆ ಬಿಚ್ಚಿ ಮೈಗೆ ಮೈ ತಾಗೋ ಹಂಗೆ ಎದೆ ಮೇಲೆ ಮಲಗಿಸಿದ್ಳು. ಹಾಲು ಎಲ್ಲೂ ಹೋಗಿಲ್ಲಮ್ಮ, ಹೆದರಿಕೆಗೆ ಹಿಡ್ಕೊಂಡಿದೆ ಅಷ್ಟೇ, ಕೂಸು ಚೀಪ್ತಾ ಇದ್ರೆ ಬಿಡುತ್ತೆ ಅಂದ್ಳು. ಅರ್ಧ ಗಂಟೆ ಆಗಿರಬಹುದು, ಕೂಸು ಗುಟುಕ್ ಗುಟುಕ್ ಅಂತ ನುಂಗೋ ಸದ್ದು ಕೇಳಿಸ್ತು, ಆ ಸದ್ದು ಇವತ್ತೂ ನನ್ನ ಕಿವೀಲಿದೆ. ಆ ಡಬ್ಬಿಗಳಲ್ಲಿ ಒಂದನ್ನ ಮಾತ್ರ ತೆಗೆದ್ಳು, ಒಂದು ಮಗು ಅಜ್ಜಿ ಜೊತೆ ಬಂದಿತ್ತು, ತಾಯಿ ಇರಲಿಲ್ಲ, ಆ ಅಜ್ಜಿಗೆ ಲೋಟದಲ್ಲಿ ಕುಡಿಸೋದು ಕಲಿಸಿ ದಿನಾ ಕುದ್ದ ನೀರು ಅವಳೇ ತಂದು ಕೊಡ್ತಿದ್ಳು.

ಆಮೇಲೆ ಕೇಳಿ ತಿಳ್ಕೊಂಡೆ, ನಮ್ಮ ದೇಶದಲ್ಲಿ 1992ರಿಂದಲೇ ಹಾಲಿನ ಪುಡಿ, ಬಾಟಲ್ ಪ್ರಚಾರ ಮಾಡಬಾರದು ಅಂತ ಕಾನೂನಿದೆ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ 2006ರ ಭೂಕಂಪ ಆದಾಗ ದಾನದ ಪೌಡರ್ ಸಿಕ್ಕಿದ ಮಕ್ಕಳಲ್ಲಿ ನೂರಕ್ಕೆ 25 ಮಕ್ಕಳಿಗೆ ಭೇದಿ, ಸಿಗದ ಮಕ್ಕಳಲ್ಲಿ ಅದರ ಅರ್ಧಕ್ಕಿಂತ ಕಮ್ಮಿ. ಅದೇ ವರ್ಷ ಬೋಟ್ಸ್ವಾನಾದಲ್ಲಿ ಜೋರು ಮಳೆ ಬಂದು ಕುಡಿಯೋ ನೀರು ಕೆಟ್ಟು 500ಕ್ಕೂ ಜಾಸ್ತಿ ಮಕ್ಕಳು ಭೇದಿಗೆ ಸತ್ತವು, ಹೆಚ್ಚಿನವು ಪೌಡರ್ ಹಾಲಿನ ಕೂಸುಗಳೇ. ಇದನ್ನ ಓದಿದಾಗ ಆ ಬೀಗ ಹಾಕಿದ ಅಕ್ಕನ ಕೈ ನೆನಪಾಗುತ್ತೆ ನನಗೆ.

ಈಗ ಪ್ರತಿ ಮಳೆಗಾಲ ಯಾರಾದ್ರೂ ಪರಿಹಾರ ಸಾಮಾನು ಕಳಿಸ್ತೀವಿ ಅಂದ್ರೆ ನಾನು ಹೇಳೋದಿಷ್ಟೇ, ಬಾಣಂತಿಗೆ ಊಟ ಕಳಿಸ್ರಿ, ಒಣಗಿದ ಸೀರೆ ಕಳಿಸ್ರಿ, ಸೋಪು, ಮುಚ್ಚಳ ಇರೋ ಬಕೆಟ್, ಸ್ಟೀಲ್ ಲೋಟ ಕಳಿಸ್ರಿ.

ನೀರು ಗಂಟಿ:

ನಾನು ಪಂಚಾಯ್ತಿ ನೀರಿನ ಕೆಲಸ ಮಾಡೋನು, ಮಕ್ಕಳ ಆರೈಕೆ ಬಗ್ಗೆ ಅಕ್ಕಂದಿರಿಗೆ ಗೊತ್ತು, ನೀರಿನ ಬಗ್ಗೆ ನಾನು ಹೇಳ್ತೀನಿ. ತಂಗಿ, ನಿಮ್ಮ ಭಾಗದಲ್ಲಿ ಇನ್ನೊಂದು ವಿಷಯ ಐತೆ, ಫ್ಲೋರೈಡ್. ಚಳ್ಳಕೆರೆ, ಮೊಳಕಾಲ್ಮೂರು, ಆ ಕಡೆ ಪಾವಗಡ, ಆಳದ ಬೋರ್ ನೀರಲ್ಲಿ ಇದು ಹಳೇ ರೋಗ, ಊರ ಹಿರಿಯರ ಹಲ್ಲು ನೋಡಿದ್ರೇ ಗೊತ್ತಾಗುತ್ತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿ ಇಲ್ಲ ಅಂದ್ರೆ 1.5 ತನಕ ಅಂತ ಲೆಕ್ಕ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಸಾಯಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿ ಆಗುತ್ತೆ. ನೈಟ್ರೇಟೂ ಹಂಗೇ, ಅದು ಲೀಟರಿಗೆ 45 ಮಿಲಿಗ್ರಾಂ ದಾಟಿದ ನೀರಲ್ಲಿ ಹಾಲು ಕಲಸಿ ಸಣ್ಣ ಕೂಸಿಗೆ ಕೊಟ್ರೆ ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತಿ ಕಮ್ಮಿ ಆಗಿ ತುಟಿ ಉಗುರು ನೀಲಿ ಆಗಬಹುದು. ಟ್ಯಾಂಕರ್‌ನೋರು ಯಾವ ಬೋರಲ್ಲಿ ತುಂಬಿಸ್ಕೊಂಡು ಬಂದ್ರು ಅಂತ ಕೇಳಿ, ಕೃಷಿ ಹೊಂಡದ ಪಕ್ಕದ್ದು, ಗೊಬ್ಬರ ಜಾಸ್ತಿ ಹಾಕೋ ತೋಟದ್ದು ಆಗಿದ್ರೆ ಕೂಸಿನ ಹಾಲಿಗೆ ಬೇಡ.

ಆರ್‌ಒ ಘಟಕದ, ಅಂದ್ರೆ ನಿಮ್ಮಪ್ಪ ಕ್ಯಾನ್ ತರೋ ಅಂಥ ಶುದ್ಧ ನೀರಿನ ಘಟಕದ ನೀರಲ್ಲಿ ಫ್ಲೋರೈಡ್ ನೈಟ್ರೇಟ್ ಬಹಳ ಮಟ್ಟಿಗೆ ಕಮ್ಮಿ ಆಗುತ್ತೆ, ಒಳಗಿರೋ ಸೋಸೋ ಪೊರೆ (ಮೆಂಬ್ರೇನ್) ಸರಿಯಾಗಿದ್ರೆ. ಆದ್ರೆ ಕ್ಯಾನ್? ಅದರ ಬಾಯಿ ಒಳಗೆ ಕೈ ಹಾಕಿ ನೋಡಿ, ಲೋಳೆ ಸಿಕ್ಕುತ್ತೆ. ಹಂಗಾಗಿ ಘಟಕದ ನೀರು ತಂದು ಅದನ್ನೂ ಕುದಿಸಬೇಕು, ಎರಡೂ ಬೇಕು, ಒಂದಿದ್ರೆ ಸಾಲಲ್ಲ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಲವಣ ಒಟ್ಟು ಎಷ್ಟು ಅಂತ ತೋರಿಸೋದು) ಇಟ್ಟು 80 ಬಂತು ಶುದ್ಧ ಐತೆ ಅಂತಾರಲ್ಲ, ಆ ಮೀಟರ್ ಕ್ರಿಮಿ ತೋರಿಸಲ್ಲ, ಫ್ಲೋರೈಡ್ ಬೇರೆಯಾಗಿ ತೋರಿಸಲ್ಲ. ಜಲಜೀವನ್ ಮಿಷನ್‌ನಲ್ಲಿ ಊರಿನ ಹೆಣ್ಮಕ್ಕಳಿಗೇ ಟೆಸ್ಟ್ ಕಿಟ್ ಕಲಿಸಿದಾರೆ, ಪಂಚಾಯ್ತೀಲಿ ಕೇಳಿದ್ರೆ ಫ್ಲೋರೈಡ್ ನೋಡಿ ಹೇಳ್ತಾರೆ. ಡ್ರಮ್ ನೀರಿಗೆ ಆಶಾ ಹತ್ರ ಕ್ಲೋರಿನ್ ಮಾತ್ರೆ ಇಸ್ಕೊಳ್ಳಿ, ಪಟ್ಟಿ ಮೇಲೆ ಎಷ್ಟು ಲೀಟರಿಗೆ ಅಂತ ಬರೆದಿರುತ್ತೆ, ಹಾಕಿ ಅರ್ಧ ಗಂಟೆ ಬಿಡಿ, ಅದು ಕೈ ತೊಳೆಯೋಕೆ ಪಾತ್ರೆಗೆ. ಡ್ರಮ್ಮಿಗೆ ಕೈ ಅದ್ದಬೇಡಿ, ಹಿಡಿಕೆ ಉದ್ದ ಇರೋ ಸೌಟು ಮೇಲೆ ನೇತುಹಾಕಿ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟೀಲಿ ಕೆಟ್ಟ ನೀರು ಕುಡಿದು ಜನ ಸತ್ತದ್ದು ನಮ್ಮ ಕಣ್ಣೆದುರೇ ಆಗಿದ್ದು, ನೋಡೋಕೆ ತಿಳಿಯಾಗಿದೆ ಅಂತ ನಂಬಬೇಡಿ.

ದುರ್ಗದ ಸಿಸ್ಟರ್:

ಗಂಟಿ ಅಣ್ಣ ಫ್ಲೋರೈಡ್ ಹೇಳಿದ್ದು ಬಹಳ ಒಳ್ಳೇದಾಯ್ತು. ಒಂದು ಮಾತು ಸೇರಿಸ್ತೀನಿ, ತಾಯಿ ಫ್ಲೋರೈಡ್ ನೀರು ಕುಡಿದ್ರೂ ಅವಳ ಹಾಲಿಗೆ ಅದು ಬರೋದು ಬಹಳ ಬಹಳ ಕಮ್ಮಿ, ಮೈ ತಡೆದುಬಿಡುತ್ತೆ. ಅದೇ ನೀರಲ್ಲಿ ಪೌಡರ್ ಕಲಸಿದ್ರೆ ಪೂರ್ತಿ ಕೂಸಿನ ಹೊಟ್ಟೆಗೆ. ನಮ್ಮ ಜಿಲ್ಲೆಯ ತಾಯಂದಿರ ಎದೆಗಿಂತ ಒಳ್ಳೆ ಫಿಲ್ಟರ್ ಯಾವ ಅಂಗಡೀಲೂ ಇಲ್ಲ.

ಚಳ್ಳಕೆರೆ ಮಗಳು (ಎಂಟು ದಿನ ಆದ್ಮೇಲೆ):

ತಡ ಆಯ್ತು ಕ್ಷಮಿಸಿ. ಅವತ್ತು ಬೆಳಗ್ಗೇನೇ ಪಿಎಚ್‌ಸಿಗೆ ಹೋದ್ವಿ, ನೀರು ಅಷ್ಟು ಬತ್ತಿರಲಿಲ್ಲ ಅಂದ್ರು, ಜಿಂಕ್ ಕೊಟ್ರು, ಎದೆಹಾಲಲ್ಲೇ ಕರಗಿಸಿ ಚಮಚದಲ್ಲಿ ಕುಡಿಸ್ತಿದೀನಿ. ಭೇದಿ ನಾಲ್ಕನೇ ದಿನಕ್ಕೆ ನಿಂತು ಈಗ ಸಾಸಿವೆ ಕಾಳಿನ ಥರ ಹಳದಿ ಹೋಗ್ತಾಳೆ, ಅದು ಸರಿ ಅಂದ್ರು ಆಶಾ. ಬಾಟಲ್ ಒಲೆಗೆ ಹಾಕಿಬಿಟ್ಟೆ. ಪೌಡರ್ ಈಗ ರಾತ್ರಿ ಮಲಗೋ ಮುಂಚೆ ಒಂದೇ ಸಲ, ಲೋಟದಲ್ಲಿ, ಮೊದಲ ದಿನ ಅರ್ಧ ಕುತ್ತಿಗೆಗೇ ಹೋಯ್ತು ಆಮೇಲೆ ಕಲಿತ್ಲು. ನಿನ್ನೆ ಏಳು ಬಟ್ಟೆ ಒದ್ದೆ. ಅಮ್ಮಂಗೆ ನೀರು ಬೇಡ ಅಂತ ಒಪ್ಪಿಸೋದೇ ಕಷ್ಟ ಆಯ್ತು, ಸಿಸ್ಟರ್ ಬರೆದಿದ್ದನ್ನ ಓದಿ ಹೇಳಿದೆ, ಎರಡು ದಿನ ಮುಖ ಊದಿಸ್ಕೊಂಡಿದ್ಳು, ಈಗ ನಾನು ಕೂಸನ್ನ ಎತ್ತಿಕೊಂಡ ತಕ್ಷಣ ನನಗೇ ಒಂದು ಚೊಂಬು ನೀರು ತಂದಿಡ್ತಾಳೆ.

ಇನ್ನೊಂದು ಕೇಳ್ಬೇಕು. 19ನೇ ತಾರೀಕು ನನಗೆ ಬಿ.ಎಡ್ ಪರೀಕ್ಷೆ, ದುರ್ಗದಲ್ಲಿ, ಮೂರು ಗಂಟೆ, ಬಸ್ಸಿಗೆ ಹೋಗಿ ಬರೋದು ಬೇರೆ. ಹಾಲು ಹಿಂಡಿಟ್ಟು ಹೋಗಬಹುದಾ? ಫ್ರಿಜ್ ಇಲ್ಲ ನಮ್ಮನೇಲಿ.

ದುರ್ಗದ ಸಿಸ್ಟರ್:

ಹಿಂಡಿಡಬಹುದು, ಆದ್ರೆ ತಂಪಾದ ರೂಮಲ್ಲಿ ನಾಲ್ಕು ಗಂಟೆ ಇರೋ ಹಾಲು ನಮ್ಮ ಮೇ ತಿಂಗಳ ಬಿಸಿಲಲ್ಲಿ ಅಷ್ಟು ಹೊತ್ತು ಇರುತ್ತೆ ಅಂತ ನಾನು ಹೇಳಲ್ಲ. ಬಸ್ಸಿನ ಹೊತ್ತು ಸೇರಿದ್ರೆ ಆಗೋದಿಲ್ಲ. ಅದಕ್ಕೆ ಅಮ್ಮನ್ನೂ ಕೂಸನ್ನೂ ಜೊತೆಗೆ ಕರ್ಕೊಂಡು ಬಾ. ಪರೀಕ್ಷೆ ಕೇಂದ್ರದ ಹತ್ರ ನೆರಳಲ್ಲಿ ಕೂತು ಬೆಲ್ ಹೊಡೆಯೋ ಮುಂಚೆ ಎರಡೂ ಕಡೆ ಕುಡಿಸಿಬಿಡು, ಆಮೇಲೆ ಅಲ್ಲೇ ಕೈ ಸೋಪಲ್ಲಿ ತೊಳೆದು, ಕುದಿಸಿದ ಸ್ಟೀಲ್ ಡಬ್ಬಿಗೆ ಸ್ವಲ್ಪ ಹಿಂಡಿ ಮುಚ್ಚಿ ಅಮ್ಮನ ಕೈಗೆ ಕೊಡು, ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಟ್ರೆ ಒಂದೆರಡು ಗಂಟೆಗೆ ಏನೂ ಆಗಲ್ಲ. ಮಧ್ಯೆ ಎದ್ರೆ ಅಮ್ಮ ಲೋಟದಲ್ಲಿ ಅದನ್ನ ಕುಡಿಸಲಿ. ಪೇಪರ್ ಕೊಟ್ಟು ಹೊರಗೆ ಬಂದ ತಕ್ಷಣ ಮತ್ತೆ ಎದೆಗೆ. ದುರ್ಗಕ್ಕೆ ಬಂದ ಮೇಲೆ ನನಗೊಂದು ಮೆಸೇಜ್ ಹಾಕು, ಪರೀಕ್ಷೆ ಮುಗಿಯೋವರೆಗೂ ನಾನೂ ಅಮ್ಮನ ಜೊತೆ ಕೂತಿರ್ತೀನಿ.